ಪಾರ್ಕಿನ ಜಾಗ, ಚಿಗರಿಯ ಹುಲ್ಲು, ಎರೆಯ ಬೇವು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಈ ಸಲ ಹಸಿರು ಜಾಗದ ಬಗ್ಗೆಯೇ ಹೆಚ್ಚು ಪತ್ರಗಳು ಬಂದಿವೆ. ದೇಶದ ನೆಲದಲ್ಲಿ ಮೂರನೇ ಒಂದು ಭಾಗ ಕಾಡು, ಮರ ಇರಬೇಕು ಎಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಹೇಳುತ್ತದೆ. ಈ ಮೂರು ಜಿಲ್ಲೆಗಳಲ್ಲಿ ಅರಣ್ಯ ಶೇ. 10ನ್ನೂ ಮುಟ್ಟುವುದಿಲ್ಲ. ಚಿಂಚೋಳಿ ವನ್ಯಧಾಮದಂಥ ಒಂದೆರಡು ಕಡೆ ಬಿಟ್ಟರೆ ನಮ್ಮ ಹಸಿರೆಲ್ಲ ಇರುವುದು ಬಡಾವಣೆಯ ಪಾರ್ಕು, ಗಾಯರಾಣ (ಊರ ದನ ಮೇಯುವ ಸರ್ಕಾರಿ ಭೂಮಿ), ಹಳ್ಳದ ದಂಡೆ, ಕೆರೆ ಅಂಗಳ, ಹೊಲದ ಬದುವಿನಲ್ಲಿ. ಇವು ಅರಣ್ಯ ಇಲಾಖೆಯ ಬೇಲಿಯ ಆಚೆ ಇರುವ ಜಾಗಗಳು. ಆದ್ದರಿಂದ ಪಹಣಿ, ನಕಾಶೆ ಓದಲು ಬರುವ ಜನರೇ ಇವುಗಳನ್ನು ಕಾಯಬೇಕು.

ಪ್ರಶ್ನೆ: ನಮ್ಮ ಬಡಾವಣೆಯ ನಕಾಶೆದಾಗ ಪಾರ್ಕ್ ಅಂತ ಬರೆದದ. ಜಾಗದಾಗ ಒಂದು ಕಡೆ ತಗಡಿನ ಶೆಡ್ಡು, ಇನ್ನೊಂದು ಕಡೆ ಗುಡಿ ಕಟ್ಟಲಿಕ್ಕೆ ಕಲ್ಲು ತಂದು ಹಾಕ್ಯಾರ. ಎಲ್ಲಿಂದ ಶುರು ಮಾಡಬೇಕ್ರಿ? — ನಿವಾಸಿಗಳ ಸಂಘದ ಸದಸ್ಯರು, ಕಲಬುರಗಿ

ಉತ್ತರ: ಜಗಳದಿಂದ ಶುರು ಮಾಡಬೇಡಿ, ಅಳತೆಯಿಂದ ಮಾಡಿ. ಮೊದಲು ಬೇಕಾದದ್ದು ಮಂಜೂರಾದ ಬಡಾವಣೆ ನಕಾಶೆಯ ದೃಢೀಕೃತ ಪ್ರತಿ. ಸೈಟು ಮಾರುವಾಗ ಕೊಟ್ಟ ಬಣ್ಣದ ಬ್ರೋಷರ್ ಇದಕ್ಕೆ ಬದಲಿ ಅಲ್ಲ. ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಸರ್ವೆ ನಂಬರ್ ಬರೆದು ಅರ್ಜಿ ಕೊಡಿ. ಸಿಗದಿದ್ದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಅದೇ ಅರ್ಜಿಯಲ್ಲಿ ಇನ್ನೆರಡು ಕಾಗದ ಕೇಳಲು ಮರೆಯಬೇಡಿ. ಒಂದು, ಪಾರ್ಕು ಮತ್ತು ರಸ್ತೆಯ ಹಕ್ಕನ್ನು ಬಡಾವಣೆ ಮಾಡಿದವರು ಬಿಟ್ಟುಕೊಟ್ಟ ನೋಂದಾಯಿತ ಪತ್ರ. ಇನ್ನೊಂದು, ಪ್ರಾಧಿಕಾರವು ಬಡಾವಣೆಯನ್ನು ಪಾಲಿಕೆಗೆ ಹಸ್ತಾಂತರ ಮಾಡಿದ ಪತ್ರ. ಹೆಚ್ಚಿನ ಪಾರ್ಕುಗಳು ಕೈತಪ್ಪುವುದು ಈ ಎರಡು ಕಾಗದಗಳ ನಡುವಿನ ಸಂದಿನಲ್ಲಿ. ಹಕ್ಕು ಬಿಟ್ಟುಕೊಟ್ಟಿದ್ದು ನೋಂದಣಿ ಆಗಿರದಿದ್ದರೆ ಪಹಣಿಯಲ್ಲಿ ಹಳೆಯ ಮಾಲೀಕನ ಹೆಸರೇ ಉಳಿದಿರುತ್ತದೆ. ಹತ್ತು ವರ್ಷ ಬಿಟ್ಟು ಅವರ ಮಕ್ಕಳು ಅದೇ ಜಾಗ ಮಾರಲು ಬರುತ್ತಾರೆ.

ಆಮೇಲೆ ಟೇಪು ಹಿಡಿಯಿರಿ. ಪ್ರಾಧಿಕಾರ ತಾನೇ ಮಾಡುವ ಬಡಾವಣೆಯಲ್ಲಿ 1987ರ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಪಾರ್ಕು, ಆಟದ ಮೈದಾನಕ್ಕೆ ಕನಿಷ್ಠ ಶೇ. 15 ಜಾಗ ಬಿಡಬೇಕು. ಖಾಸಗಿ ಬಡಾವಣೆಯಲ್ಲಿ ಸಾಮಾನ್ಯವಾಗಿ ಶೇ. 10. ಐದು ಎಕರೆಯ ಬಡಾವಣೆ ಎಂದರೆ 200 ಗುಂಟೆ. ಅದರಲ್ಲಿ 20 ಗುಂಟೆ ಪಾರ್ಕು. ಗುಂಟೆಗೆ 1,089 ಚದರ ಅಡಿಯಂತೆ 21,780 ಚದರ ಅಡಿ ಆಯಿತು. ನಕಾಶೆಯ ಮೂಲೆಯಲ್ಲಿ ಕೊಟ್ಟಿರುವ ವಿಸ್ತೀರ್ಣದ ಪಟ್ಟಿಗೂ ನಿಮ್ಮ ಅಳತೆಗೂ ಹೋಲಿಸಿ. ಆಕಾರವನ್ನೂ ಗಮನಿಸಿ: ಹಳ್ಳದ ಪಕ್ಕದ ಚೂಪು ಮೂಲೆ, ಹೈಟೆನ್ಷನ್ ತಂತಿಯ ಕೆಳಗಿನ ಪಟ್ಟಿ, ಯಾರಿಗೂ ಸೈಟಾಗದ ತುಂಡು, ಇವನ್ನೇ ಪಾರ್ಕೆಂದು ತೋರಿಸುವುದು ಹಳೆಯ ಚಾಳಿ. ತಂತಿಯ ಕೆಳಗೆ ನೆರಳಿನ ಮರ ಬೆಳೆಯಲು ವಿದ್ಯುತ್ ಇಲಾಖೆ ಬಿಡುವುದಿಲ್ಲ. ಬಡಾವಣೆ ಮಂಜೂರಾತಿಗೆ ಮೊದಲೇ ಇದನ್ನು ಆಕ್ಷೇಪಿಸಿದರೆ ಬದಲಾದೀತು, ಆಮೇಲೆ ಕಷ್ಟ.

ಕಾನೂನು ನಿಮ್ಮ ಕಡೆ ಗಟ್ಟಿಯಾಗಿಯೇ ಇದೆ. 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯಡಿ ಊರಿನ ಪಾರ್ಕುಗಳ ಪಟ್ಟಿ ತಯಾರಿಸಿ ಪ್ರಕಟಿಸಬೇಕು. ಪಟ್ಟಿಯಲ್ಲಿರುವ ಜಾಗವನ್ನು ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ನಿಮ್ಮ ಪಾರ್ಕು ಪಟ್ಟಿಯಲ್ಲಿ ಇದೆಯೇ ಎಂದು ಪಾಲಿಕೆ ಆಯುಕ್ತರಿಗೆ ಬರೆದು ಕೇಳಿ. ಇಲ್ಲದಿದ್ದರೆ ಸೇರಿಸಲು ಮನವಿ ಕೊಡಿ. ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದನ್ನು ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣದಲ್ಲಿ ಹೈಕೋರ್ಟು ರದ್ದು ಮಾಡಿತ್ತು, ಸುಪ್ರೀಂ ಕೋರ್ಟು 1991ರಲ್ಲೇ ಅದನ್ನು ಎತ್ತಿಹಿಡಿದಿದೆ. ಸಾರ್ವಜನಿಕ ಪಾರ್ಕು, ರಸ್ತೆಗಳಲ್ಲಿ ಯಾವುದೇ ಧರ್ಮದ ಕಟ್ಟಡ ಅನಧಿಕೃತವಾಗಿ ಏಳಬಾರದು ಎಂದು ಸುಪ್ರೀಂ ಕೋರ್ಟಿನ 2009ರ ಸೆಪ್ಟೆಂಬರ್ 29ರ ಆದೇಶ ಹೇಳುತ್ತದೆ. ಗುಡಿ ಕಟ್ಟಹೊರಟವರೂ ನಿಮ್ಮ ನೆರೆಯವರೇ. ಕಲ್ಲು ಕಟ್ಟಡವಾಗುವ ಮೊದಲು ಈ ಆದೇಶವನ್ನು ಕುಳಿತು ಓದಿ ಹೇಳುವುದು ಇಬ್ಬರಿಗೂ ಒಳ್ಳೆಯದು.

ಜಾಗ ಉಳಿದ ಮೇಲೆ ಒಂದು ಎಚ್ಚರಿಕೆ. ನಮ್ಮ ಪಾರ್ಕುಗಳು ಅತಿಕ್ರಮಣದಿಂದ ಮಾತ್ರವಲ್ಲ, ನೆಲಕ್ಕೆ ಹಾಸುವ ಫರಸಿ ಕಲ್ಲು ಮತ್ತು ಪೇವರ್‌ನಿಂದಲೂ ಸಾಯುತ್ತವೆ. ಬೇವಿನ ಬುಡದ ತನಕ ಶಹಾಬಾದ್ ಫರಸಿ ಕೂಡಿಸಿ, ಸಂದಿಗೆ ಸಿಮೆಂಟು ಹಾಕಿ, ಬುಡಕ್ಕೆ ಸುಣ್ಣ ಬಳಿದ ಪಾರ್ಕನ್ನು ನೋಡಿ. ಮಳೆ ಬಂದಾಗ ನೀರು ಹರಿದು ಗಟಾರ ಸೇರುತ್ತದೆ, ಮರದ ಬೇರಿಗೆ ಬೊಗಸೆಯಷ್ಟೂ ಇಳಿಯುವುದಿಲ್ಲ. ಕಾಂಡದ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ತೆರೆದಿರಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ದೆಹಲಿಗೆ ಹೇಳಿದೆ. ಕಲಬುರಗಿಯ ಬಿಸಿಲಿಗೆ ಅದು ಇನ್ನೂ ಹೆಚ್ಚು ಬೇಕು. ಲಾನ್ ಕೂಡ ಈ ಊರಿನ ಸಂಗತಿಯಲ್ಲ. ಮೇ ತಿಂಗಳಲ್ಲಿ ಒಂದು ಚದರ ಮೀಟರ್ ಲಾನಿಗೆ ದಿನಕ್ಕೆ ಐದಾರು ಲೀಟರ್ ನೀರು ಬೇಕು. ಸಾವಿರ ಚದರ ಮೀಟರಿಗೆ ದಿನಕ್ಕೊಂದು ಟ್ಯಾಂಕರ್. ಅದೇ ನೀರಿನಲ್ಲಿ ನೂರಾರು ಎಳೆ ಮರಗಳು ಬೇಸಿಗೆ ದಾಟುತ್ತವೆ.

ಪ್ರಶ್ನೆ: ಮಾಸ್ಟರ್ ಪ್ಲಾನ್‌ಗೆ ಆಕ್ಷೇಪಣೆ ಸಲ್ಲಿಸಿ ಎಂದು ಪ್ರಕಟಣೆ ಬಂದರೆ ಸಾಮಾನ್ಯ ಜನ ಏನು ಬರೆಯಬೇಕು? "ಹಸಿರು ಹೆಚ್ಚಿಸಿ" ಎಂದರೆ ಸಾಕೆ? — ಕಾಲೇಜು ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಸಾಲದು. ಸರ್ವೆ ನಂಬರ್ ಇಲ್ಲದ ಆಕ್ಷೇಪಣೆ ಕಡತದಲ್ಲಿ "ಗಮನಿಸಲಾಗಿದೆ" ಎಂಬ ಒಂದು ಪದದಲ್ಲಿ ಮುಗಿಯುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ತಾತ್ಕಾಲಿಕ ಮಾಸ್ಟರ್ ಪ್ಲಾನ್ ಪ್ರಕಟವಾದ ಮೇಲೆ ಅಭಿಪ್ರಾಯ ಹೇಳಲು ಒಂದು ತಿಂಗಳು ಸಮಯ. ಹಾಳೆ ಹಾಳೆಯಾಗಿ ನಕಾಶೆ ನೋಡಿ. ಎಲ್ಲಿ ಏನು ತಪ್ಪಿದೆಯೋ ಅಲ್ಲಿಯ ಹಾಳೆ ಸಂಖ್ಯೆ, ಹಳ್ಳಿ, ಸರ್ವೆ ನಂಬರ್ ಬರೆದು, ಅದು ಏನಾಗಿರಬೇಕು ಎಂದು ಒಂದೇ ವಾಕ್ಯದಲ್ಲಿ ಹೇಳಿ. ಜಾಗದ ಫೋಟೊ, ಪಹಣಿ ಪ್ರತಿ ಲಗತ್ತಿಸಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ.

ಲೆಕ್ಕವನ್ನೂ ಕೊಡಿ. ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಬೇಕೆಂದು ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ಹೇಳುತ್ತದೆ. 2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನಸಂಖ್ಯೆ ಸುಮಾರು 5.33 ಲಕ್ಷ. ಹತ್ತರಂತೆ ಹಿಡಿದರೂ 533 ಹೆಕ್ಟೇರ್, ಅಂದರೆ 1,300 ಎಕರೆಗೂ ಹೆಚ್ಚು. ಪ್ಲಾನಿನ ವರದಿಯಲ್ಲಿ ಉದ್ಯಾನ ಮತ್ತು ಬಯಲು ಜಾಗದ ಹೆಸರಲ್ಲಿ ತೋರಿಸಿದ ಹೆಕ್ಟೇರುಗಳನ್ನು ಇದರ ಪಕ್ಕ ಇಟ್ಟು ನೋಡಿ. ಆ ಅಂಕಿಯೊಳಗೆ ಏನೇನು ಸೇರಿದೆ ಎಂದೂ ಕೇಳಿ. ಕೆರೆಯ ನೀರು, ಸ್ಮಶಾನ, ಕ್ರೀಡಾಂಗಣಗಳನ್ನೆಲ್ಲ ಕೂಡಿಸಿ ದೊಡ್ಡ ಅಂಕಿ ಕಾಣಿಸುವುದುಂಟು.

ಬಹಳ ಜನ ಗಮನಿಸದ ಒಂದು ಅಂಶ ಇದೆ. ಖಾಸಗಿ ಪಟ್ಟಾ ಜಮೀನಿಗೆ ಹಸಿರು ಬಣ್ಣ ಬಳಿದು ಪಾರ್ಕು ಎಂದರೆ ಅದು ಪಾರ್ಕು ಆಗುವುದಿಲ್ಲ. ಐದು ವರ್ಷದೊಳಗೆ ಒಪ್ಪಂದದಿಂದ ಕೊಳ್ಳದಿದ್ದರೆ ಅಥವಾ ಭೂಸ್ವಾಧೀನ ಶುರುವಾಗದಿದ್ದರೆ, ಕಾಯ್ದೆಯ 69ನೇ ಕಲಮಿನ ಪ್ರಕಾರ ಆ ಮೀಸಲು ತಾನಾಗಿ ಬಿದ್ದುಹೋಗುತ್ತದೆ. ರೈತನಿಗೂ ಅನ್ಯಾಯ, ಊರಿಗೂ ಏನೂ ಸಿಗದು. ಆದ್ದರಿಂದ ಎರಡು ಬೇಡಿಕೆ ಇಡಿ. ಸರ್ಕಾರಿ ಜಾಗ, ಬಿ ಖರಾಬು (ಸಾಗುವಳಿಗಲ್ಲದೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ), ಹಳ್ಳದ ದಂಡೆಗಳನ್ನು ಮೊದಲು ಹಸಿರಿಗೆ ಸೇರಿಸಲಿ. ಪಟ್ಟಾ ಜಮೀನು ಬೇಕೇ ಬೇಕಾದರೆ ಯಾವ ವರ್ಷ, ಯಾವ ಹಣದಿಂದ ಕೊಳ್ಳುತ್ತಾರೆ, ಅಥವಾ ಹಣದ ಬದಲು ಅಭಿವೃದ್ಧಿ ಹಕ್ಕು ವರ್ಗಾವಣೆ (ಬೇರೆ ಕಡೆ ಹೆಚ್ಚು ಕಟ್ಟಲು ಬಳಸಬಹುದಾದ, ಮಾರಬಹುದಾದ ಹಕ್ಕು) ಕೊಡುತ್ತಾರೆಯೇ ಎಂದು ಬರೆಯಲಿ. ಹಳ್ಳಗಳ ವಿಷಯದಲ್ಲಿ ಪಟ್ಟು ಬಿಡಬೇಡಿ. ಬಿಡಿಬಿಡಿಯಾದ ಹತ್ತು ಪಾರ್ಕಿಗಿಂತ ಕೆರೆಯಿಂದ ಕೆರೆಗೆ ಹೋಗುವ ಒಂದು ಹಳ್ಳದ ದಂಡೆ ಹಕ್ಕಿಗೂ ಚಿಟ್ಟೆಗೂ ಮಳೆನೀರಿಗೂ ಹೆಚ್ಚು ಉಪಯೋಗ.

ಪ್ರಶ್ನೆ: ನಮ್ಮೂರ ಗಾಯರಾಣದಲ್ಲಿ ಚಿಗರಿ ಮೇಯುತ್ತವೆ. "ಬಂಜರು ಬಿದ್ದಿದೆ, ಎರಡು ಸಾವಿರ ಸಸಿ ಹಚ್ಚೋಣ" ಎಂದು ಪಂಚಾಯಿತಿಯಲ್ಲಿ ಮಾತು ನಡೆದಿದೆ. ಕುರುಬರು ಬೇಡ ಎನ್ನುತ್ತಾರೆ. ಯಾರ ಮಾತು ಸರಿ? — ಗ್ರಾಮ ಪಂಚಾಯಿತಿ ಸದಸ್ಯೆ, ಬೀದರ್ ತಾಲ್ಲೂಕು

ಉತ್ತರ: ಕುರುಬರ ಮಾತು ಸರಿ. ಹುಲ್ಲುಗಾವಲು ಮರ ಸತ್ತುಹೋದ ಕಾಡಲ್ಲ. ಅದೇ ಒಂದು ಪೂರ್ಣ ಜೀವಜಾಲ. ಬೀದರ್ ಸುತ್ತ ಜಂಬಿಟ್ಟಿಗೆ ಕಲ್ಲಿನ ಮೇಲೆ ಗೇಣುದ್ದ ಮಣ್ಣಿರುವ ಕಡೆ ಹುಲ್ಲೇ ಸಹಜ ಹೊದಿಕೆ. ಕೃಷ್ಣಮೃಗ, ನಮ್ಮ ಚಿಗರಿ, ದೂರದ ತನಕ ಕಣ್ಣು ಹಾಯುವ ಬಯಲಲ್ಲಿ ಓಡಿ ಬದುಕುವ ಪ್ರಾಣಿ. ದಟ್ಟ ಮರ ಬಂದರೆ ತೋಳ, ನಾಯಿ ಹತ್ತಿರ ಬಂದದ್ದು ಅದಕ್ಕೆ ಕಾಣುವುದಿಲ್ಲ; ಆಗ ಜಾಗ ಬಿಟ್ಟು ಹೊಲಕ್ಕೆ ಇಳಿಯುತ್ತದೆ, ತೊಗರಿ, ಕಡಲೆ ಮೇಯುತ್ತದೆ, ರೈತರ ಜೊತೆ ಜಗಳ ಶುರುವಾಗುತ್ತದೆ. ಗೌಜಲಹಕ್ಕಿ, ಬುರ್ಲಿಗಳು ನೆಲದ ಮೇಲೆ ಹುಲ್ಲಿನ ಬುಡದಲ್ಲೇ ಮೊಟ್ಟೆ ಇಡುತ್ತವೆ. ಎರಡು ಸಾವಿರ ತಗ್ಗು, ಉದ್ದುದ್ದ ಟ್ರೆಂಚು ಹೊಡೆದರೆ ಮೇಲಿನ ಮಣ್ಣು ತಿರುವಿ ಗರಸು ಮೇಲೆ ಬರುತ್ತದೆ. ಸಸಿ ಎರಡನೇ ಬೇಸಿಗೆಗೆ ಒಣಗುತ್ತದೆ, ಅಗೆದ ಕಡೆ ಬಳ್ಳಾರಿ ಜಾಲಿ ಹುಟ್ಟುತ್ತದೆ. ಹುಲ್ಲೂ ಹೋಯಿತು, ಕಾಡೂ ಬರಲಿಲ್ಲ.

"ಬಂಜರು" ಎಂಬ ಪದವೇ ಇಲ್ಲಿಯ ದೊಡ್ಡ ತೊಂದರೆ. ಸರ್ಕಾರಿ ದಾಖಲೆಯಲ್ಲಿ ಹುಲ್ಲುಗಾವಲು ಪಾಳು ಭೂಮಿಯ ಪಟ್ಟಿಗೆ ಸೇರಿಬಿಟ್ಟಿದೆ. ಪಾಳು ಎಂದ ಮೇಲೆ ಸಸಿ ನೆಡುವವರಿಗೂ, ಸೌರ ಫಲಕ ಹಾಕುವವರಿಗೂ, ನಿವೇಶನ ಕೇಳುವವರಿಗೂ ಅದು ಖಾಲಿ ಜಾಗವಾಗಿಯೇ ಕಾಣುತ್ತದೆ.

ನೀವು ಪಂಚಾಯಿತಿಯಲ್ಲಿ ಇಡಬೇಕಾದದ್ದು ಇಷ್ಟು. ಗಾಯರಾಣದ ಪಹಣಿ ತೆಗೆಸಿ, ಸರ್ವೆ ಮಾಡಿಸಿ, ಎಲ್ಲೆಗೆ ಕಲ್ಲು ಹಾಕಿಸಿ. 1966ರ ಭೂ ಕಂದಾಯ ನಿಯಮಗಳ ಪ್ರಕಾರ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಭೂಮಿ ಇರಬೇಕು. ಊರಿನ ದನದ ಎಣಿಕೆ ಪಶು ವೈದ್ಯಾಲಯದಲ್ಲಿ ಸಿಗುತ್ತದೆ. ಎರಡನ್ನೂ ಹೋಲಿಸಿದರೆ ಹೆಚ್ಚಿನ ಊರುಗಳಲ್ಲಿ ಕೊರತೆಯೇ ಕಾಣುತ್ತದೆ, ಆ ಅಂಕಿಯೇ ನಿಮ್ಮ ವಾದ. ಊರೊಟ್ಟಿನ ಭೂಮಿ ಕಾಯಬೇಕು ಎಂಬುದಕ್ಕೆ ಸುಪ್ರೀಂ ಕೋರ್ಟಿನ 2011ರ ಜಗಪಾಲ್ ಸಿಂಗ್ ತೀರ್ಪಿನ ಬೆಂಬಲವಿದೆ. ಚಿಗರಿ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಆದ್ದರಿಂದ ಯಾವ ಕೆಲಸಕ್ಕೂ ಮುಂಚೆ ವಲಯ ಅರಣ್ಯಾಧಿಕಾರಿಗೆ ಬರೆದು ಅಭಿಪ್ರಾಯ ಕೇಳಿ.

ನೆಲ ಸುಧಾರಿಸುವ ಆಸೆ ಇದ್ದರೆ ಹುಲ್ಲನ್ನೇ ಸುಧಾರಿಸಿ. ಗಾಯರಾಣವನ್ನು ನಾಲ್ಕು ಪಾಲು ಮಾಡಿ, ಪ್ರತಿ ವರ್ಷ ಒಂದು ಪಾಲನ್ನು ಮಿರಗ (ಮೃಗಶಿರಾ) ಮಳೆಯಿಂದ ದಸರೆಯ ತನಕ ಮೇಯಿಸದೆ ಬಿಡಿ. ಕರಡದಂಥ ಹುಲ್ಲು ಹೂವಾಡಿ ಬೀಜ ಉದುರಿಸಲಿ. ಆಮೇಲೆ ದನ ಬಿಡಬಹುದು, ಕೊಯ್ದು ಬಣವೆ ಒಟ್ಟಬಹುದು. ಈ ಕಟ್ಟಲೆಯನ್ನು ಕುರಿಗಾಹಿಗಳನ್ನು ಕೂಡಿಸಿಕೊಂಡೇ ಮಾಡಬೇಕು, ಅವರನ್ನು ಹೊರಗಿಟ್ಟ ಬೇಲಿ ಒಂದು ಮಳೆಗಾಲವೂ ನಿಲ್ಲುವುದಿಲ್ಲ. ಮರ ಬೇಕೆಂದರೆ ಊರ ಕಡೆಯ ಅಂಚಿನಲ್ಲಿ, ದನ ನಿಲ್ಲುವ ನೀರಿನ ಹತ್ತಿರ, ಎಕರೆಗೆ ಹತ್ತಕ್ಕಿಂತ ಹೆಚ್ಚಿಲ್ಲದಂತೆ ಬನ್ನಿ, ಬಾರಿ, ಮುತ್ತುಗ ಹಚ್ಚಿ. ನಡುವಿನ ಬಯಲು ಬಯಲಾಗಿಯೇ ಇರಲಿ. ಉಳಿದ ಸಸಿಗಳಿಗೆ ಶಾಲೆ, ರಸ್ತೆಬದಿ, ಹೊಲದ ಬದು ಇವೆ. ರೈತರು ತಮ್ಮ ಹೊಲದಲ್ಲಿ ಹಚ್ಚಿದರೆ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಪ್ರತಿ ಸಸಿಗೆ ಮೂರು ವರ್ಷದಲ್ಲಿ 35, 40, 50 ರೂಪಾಯಿಯಂತೆ ಒಟ್ಟು 125 ರೂಪಾಯಿ ಬರುತ್ತದೆ. ಹಚ್ಚಿದ್ದಕ್ಕಲ್ಲ, ಬದುಕಿದ್ದಕ್ಕೆ ಹಣ. ಹಸಿರಿನ ಎಲ್ಲ ಯೋಜನೆಗಳ ಲೆಕ್ಕವೂ ಹೀಗೇ ಇರಬೇಕು.

ಪ್ರಶ್ನೆ: ಶಾಲೆಯ ಎರೆ (ಕಪ್ಪು ಮಣ್ಣಿನ) ನೆಲದಲ್ಲಿ ಪ್ರತಿ ವರ್ಷ ಸಸಿ ಹಚ್ಚುತ್ತೇವೆ, ಪ್ರತಿ ಬೇಸಿಗೆಗೆ ಸಾಯುತ್ತವೆ. ನೀರು ಹಾಕಿದರೂ ಉಳಿಯುತ್ತಿಲ್ಲ. — ಶಿಕ್ಷಕರು, ಶಹಾಪುರ

ಉತ್ತರ: ಎರೆಯಲ್ಲಿ ಸಸಿ ಎರಡು ಸಲ ಸಾಯುತ್ತದೆ. ಮಳೆಗಾಲದಲ್ಲಿ ಉಸಿರುಗಟ್ಟಿ, ಬೇಸಿಗೆಯಲ್ಲಿ ಬೇರು ಹರಿದು. ತಗ್ಗು ತೋಡಿ ಅದೇ ಜಿಗುಟು ಮಣ್ಣು ತುಂಬಿದರೆ ತಗ್ಗು ಬಾನಿಯಂತೆ ನೀರು ಹಿಡಿದು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಎಲೆ ಹಳದಿಯಾಗುವುದನ್ನು ನೋಡಿ ನೀರು ಕಡಿಮೆಯಾಯಿತು ಎಂದು ಇನ್ನೂ ಹಾಕುತ್ತಾರೆ. ಮಾರ್ಚಿನಲ್ಲಿ ನೆಲ ಕೈ ಹೋಗುವಷ್ಟು ಬಿರಿದಾಗ ಎಳೆ ಬೇರುಗಳು ಹರಿಯುತ್ತವೆ, ಬಿರುಕಿನಿಂದ ಬಿಸಿಗಾಳಿ ಬೇರಿನ ತನಕ ಇಳಿಯುತ್ತದೆ. ಆಗ ಹಾಕಿದ ಕೊಡ ನೀರು ಬಿರುಕಿನಲ್ಲಿ ಜಾರಿ ಬೇರಿಗೆ ಸಿಗದ ಆಳಕ್ಕೆ ಹೋಗುತ್ತದೆ. ನಿಮ್ಮ ನೀರು ಉಪಯೋಗಕ್ಕೆ ಬಾರದೇ ಇರುವುದು ಇದಕ್ಕೇ.

ತಗ್ಗನ್ನು ಏಪ್ರಿಲ್, ಮೇ ತಿಂಗಳಲ್ಲೇ ತೋಡಿ ಬಿಸಿಲಿಗೆ ಬಿಡಿ: ಎರಡು ಅಡಿ ಉದ್ದ, ಅಗಲ, ಆಳ. ತುಂಬುವಾಗ ಎರಡು ಪಾಲು ಎರೆ ಮಣ್ಣು, ಒಂದು ಪಾಲು ಗರಸು ಅಥವಾ ಮರಳು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಕಲಸಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಬರುತ್ತದೆ. ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ. ನೆಲದ ಮಟ್ಟಕ್ಕಿಂತ ಗೇಣು ಎತ್ತರಕ್ಕೆ ದಿಬ್ಬ ಮಾಡಿ ಅದರ ಮೇಲೆ ಸಸಿ ಹಚ್ಚಿ, ಮಳೆನೀರು ಬುಡದಲ್ಲಿ ನಿಲ್ಲದಿರಲಿ. ಮಿರಗ ಸುರಿದ ಕೂಡಲೇ ಅವಸರ ಬೇಡ, ಬಿರುಕು ಮುಚ್ಚಿ ನೆಲ ಒಂದಡಿ ನೆನೆದ ಮೇಲೆ, ಆರಿದ್ರಾ ಹೊತ್ತಿಗೆ ಹಚ್ಚಿ. ಪ್ಲಾಸ್ಟಿಕ್ ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿದ್ದರೆ ತಳದ ಬೆರಳಷ್ಟು ಭಾಗ ಕತ್ತರಿಸಿ ತೆಗೆಯಿರಿ. ಸುತ್ತಿದ ಬೇರು ಮುಂದೆಯೂ ಸುತ್ತಿಯೇ ಬೆಳೆದು, ಮೂರ್ನಾಲ್ಕು ವರ್ಷದ ಮರ ಗಾಳಿಗೆ ಉರುಳುತ್ತದೆ.

ಮಳೆ ನಿಂತಾಗ ದಿಬ್ಬವನ್ನು ತಟ್ಟೆಯ ಆಕಾರಕ್ಕೆ ತಂದು, ತೊಗರಿ ಕಟ್ಟಿಗೆ, ಒಣ ಎಲೆ, ಜೋಳದ ಕಣಕಿ ಏನಾದರೂ ನಾಲ್ಕು ಬೆರಳು ದಪ್ಪ ಹೊದಿಸಿ. ಜನವರಿಯಿಂದ ಹದಿನೈದು ದಿನಕ್ಕೊಮ್ಮೆ ಸುತ್ತ ಮೂರಡಿ ನೆಲ ಕೆದಕಿ ಬಿರುಕನ್ನು ಪುಡಿ ಮಣ್ಣಿನಿಂದ ಮುಚ್ಚಬೇಕು. ಈ ಕೆಲಸ ನೀರಿಗಿಂತ ಮುಖ್ಯ, ಮಕ್ಕಳೇ ಮಾಡಬಹುದಾದದ್ದು. ನೀರು ದಿನಾ ಒಂದು ಚೊಂಬು ಬೇಡ, ವಾರಕ್ಕೊಮ್ಮೆ 15ರಿಂದ 20 ಲೀಟರ್ ನಿಧಾನವಾಗಿ ಇಳಿಯುವಂತೆ ಹಾಕಿ. ಬುಡದಿಂದ ಅಡಿ ದೂರದಲ್ಲಿ ಕುಂಬಾರರ ಬಣ್ಣ ಬಳಿಯದ ಮಣ್ಣಿನ ಗಡಿಗೆ ಹೂತು ತುಂಬಿಸಿಟ್ಟರೆ ರಜೆಯಲ್ಲೂ ಸಸಿ ಉಳಿಯುತ್ತದೆ. ಎರಡು ಬೇಸಿಗೆ ದಾಟಿಸಿದರೆ ಮೂರನೆಯದನ್ನು ಮರವೇ ದಾಟುತ್ತದೆ.

ಜಾತಿ: ಎರೆಗೆ ಕರಿಜಾಲಿ, ಬೇವು, ಹೊಂಗೆ, ಬನ್ನಿ, ಬಾರಿ, ಹುಣಸೆ. ಬೇಗ ಹಸಿರು ಕಾಣಿಸುತ್ತದೆ ಎಂದು ಕೊನೊಕಾರ್ಪಸ್ ತರಬೇಡಿ. ಹಕ್ಕಿಗೆ ಅದರಿಂದ ಹಣ್ಣಿಲ್ಲ, ಬೇರು ನೀರಿನ ಪೈಪಿಗೆ ನುಗ್ಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ಮತ್ತು ನೂರು ಹಚ್ಚುವ ಬದಲು ಇಪ್ಪತ್ತು ಹಚ್ಚಿ. ನಿಮ್ಮಲ್ಲಿರುವ ನೀರಿಗೆ, ಕೈಗಳಿಗೆ ಅದೇ ಸರಿಯಾದ ಸಂಖ್ಯೆ.

ಪ್ರಶ್ನೆ: ರಸ್ತೆ ಅಗಲೀಕರಣಕ್ಕೆ ನಮ್ಮ ಬದುವಿನ ಹಳೆ ಬೇವಿನ ಮರ ಹೋಗುತ್ತವೆ. "ಎತ್ತಿ ಬೇರೆ ಕಡೆ ನೆಡುತ್ತೇವೆ" ಎನ್ನುತ್ತಾರೆ, ನಂಬಬಹುದೆ? — ರೈತರು, ಸೇಡಂ ತಾಲ್ಲೂಕು

ಉತ್ತರ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಸರ್ಕಾರಿ ಕೆಲಸಕ್ಕೂ ಬೇಕು. ಐವತ್ತಕ್ಕಿಂತ ಹೆಚ್ಚು ಮರ ಹೋಗುವುದಾದರೆ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ನೀಲಗಿರಿ, ಸರ್ವೆ ಮರ (ಗಾಳಿಮರ), ಸುಬಾಬುಲ್, ಬಳ್ಳಾರಿ ಜಾಲಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿ, ಬೇವಿಗಿಲ್ಲ. ನಿಮ್ಮ ಪಟ್ಟಾ ಜಮೀನು ಸ್ವಾಧೀನವಾದರೆ 2013ರ ಭೂಸ್ವಾಧೀನ ಕಾಯ್ದೆಯಂತೆ ಮರದ ಬೆಲೆಯನ್ನೂ ಕಟ್ಟಬೇಕು, ಪಂಚನಾಮೆಯಲ್ಲಿ ಪ್ರತಿ ಮರದ ಸುತ್ತಳತೆ ಬರೆಸಿ.

ಸ್ಥಳಾಂತರದ ಮಾತಿಗೆ ಬಂದರೆ, ಹಳೆ ಬೇವಿಗೆ ನಂಬಬೇಡಿ. ಕಾಂಡದ ವ್ಯಾಸದ ಹತ್ತರಷ್ಟಾದರೂ ಅಗಲದ ಬೇರುಗಡ್ಡೆ ಬೇಕು, 20 ಸೆಂ.ಮೀ. ಕಾಂಡಕ್ಕೆ ಎರಡು ಮೀಟರ್. ಎರೆ ಮಣ್ಣಿನ ಗಡ್ಡೆ ಒಣಗಿದ್ದರೆ ಒಡೆಯುತ್ತದೆ, ಹಸಿಯಿದ್ದರೆ ಜಾರುತ್ತದೆ. ಎರಡು ಮೂರು ತಿಂಗಳು ಮೊದಲೇ ಸುತ್ತ ಅಗೆದು ಬೇರು ಕತ್ತರಿಸಿ ಹೊಸ ಬೇರು ಬರಿಸಿರಬೇಕು. ಇದನ್ನು ಮಾಡದೆ ಜೆಸಿಬಿಯಿಂದ ಕಿತ್ತು ಲಾರಿಗೆ ಹಾಕಿದ್ದು ಒಣಗುತ್ತದೆ. ರಸ್ತೆಯನ್ನು ಒಂದೇ ಕಡೆಗೆ ಅಗಲ ಮಾಡಿ ಇನ್ನೊಂದು ಸಾಲು ಉಳಿಸಲು ಬರುತ್ತದೆಯೇ ಎಂದು ಕೇಳುವುದು ಹೆಚ್ಚು ಉಪಯೋಗ.

ಪ್ರಶ್ನೆ: ನಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ಸಮಿತಿ ಕಾಗದದ ಮೇಲಷ್ಟೇ ಇದೆ. ಅದರಿಂದ ಏನಾದರೂ ಉಪಯೋಗ ಉಂಟೆ? — ಓದುಗರು, ಆಳಂದ ತಾಲ್ಲೂಕು

ಉತ್ತರ: ಉಂಟು. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಕಲಮಿನಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆ ಬರೆಯಬೇಕು. ಗಿಡಮೂಲಿಕೆಯನ್ನು ವ್ಯಾಪಾರಕ್ಕೆ ಒಯ್ಯುವವರಿಂದ ಸಂಗ್ರಹ ಶುಲ್ಕ ಪಡೆಯುವ ಅಧಿಕಾರವೂ ಸಮಿತಿಗಿದೆ. ಬೇರೆ ಊರಿನ ದಾಖಲೆಯ ಹೆಸರು ತಿದ್ದಿ ಕೊಟ್ಟರೆ ಮಾತ್ರ ಅದು ಬರೀ ಕಾಗದ. ದಾಖಲೆಯಲ್ಲಿ ನಿಮ್ಮ ಊರೇ ಕಾಣಬೇಕು: ಯಾರ ಹೊಲದಲ್ಲಿ ಇನ್ನೂ ಸೀತನಿ ಜೋಳ ಬಿತ್ತುತ್ತಾರೆ, ದೇವಣಿ ಎತ್ತು ಎಷ್ಟು ಮನೆಯಲ್ಲಿವೆ, ಯಾವ ಹಳ್ಳದ ಮಡುವಿನಲ್ಲಿ ಮೇ ತಿಂಗಳಲ್ಲೂ ಮೀನಿರುತ್ತದೆ, ದರ್ಗಾ ಮತ್ತು ಗುಡಿಯ ಅಂಗಳದ ಹಳೆ ಮರಗಳ ಸುತ್ತಳತೆ ಎಷ್ಟು. ಪ್ರತಿಯೊಂದಕ್ಕೂ ಸರ್ವೆ ನಂಬರ್ ಮತ್ತು ತಿಂಗಳು ಬರೆಯಿರಿ. ನಾಳೆ ಅಲ್ಲಿ ಕ್ವಾರಿ, ಬಡಾವಣೆ ಬರುವಾಗ ಈ ದಾಖಲೆಯ ದೃಢೀಕೃತ ಪುಟವನ್ನು ಆಕ್ಷೇಪಣೆಗೆ ಲಗತ್ತಿಸಬಹುದು. ಅಪರೂಪದ ಜಾಗವಿದ್ದರೆ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲು ರಾಜ್ಯ ಮಂಡಳಿಗೆ ಕೇಳಬಹುದು. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ಹಾಗೆಯೇ ಉಳಿಯಿತು.

ಪ್ರಶ್ನೆ: ನೌಬಾದ್ ಕಡೆಯ ಸುರಂಗ ಬಾವಿಯ ಮೇಲೆ ಸಸಿ ಹಚ್ಚಿ ಹಸಿರು ಪಟ್ಟಿ ಮಾಡಬಹುದೆ? — ಓದುಗರು, ಬೀದರ್

ಉತ್ತರ: ಹಸಿರು ಪಟ್ಟಿ ಮಾಡಿ, ದೊಡ್ಡ ಮರ ಮಾತ್ರ ಬೇಡ. ಬಹಮನಿ ಕಾಲದ ಈ ಸುರಂಗಕ್ಕೆ ಜಂಬಿಟ್ಟಿಗೆ ಕಲ್ಲಿನ ಸಂದುಗಳಿಂದ ನೀರು ಜಿನುಗುತ್ತದೆ. ಅರಳಿ, ಆಲ, ಬಸರಿಯ ಬೇರು ಅದೇ ಸಂದು ಹುಡುಕಿ ಹೋಗಿ ಸುರಂಗದ ಚಾವಣಿ ಸೀಳುತ್ತದೆ. ಗಾಳಿಬಾವಿಗಳ (ನೆಲದ ಮೇಲಿನಿಂದ ಸುರಂಗಕ್ಕೆ ಇಳಿಯುವ ಬಾವಿಗಳ) ಸುತ್ತ ಹುಲ್ಲು, ಮೇಲಿನ ಜಲಾನಯನದಲ್ಲಿ ಕಾಂಕ್ರೀಟಿಲ್ಲದ ನೆಲ, ಇಷ್ಟು ಸಾಕು. ಸುತ್ತ ಬೋರ್‌ವೆಲ್ ಮತ್ತು ಬಡಾವಣೆಗೆ ಕಡಿವಾಣ ಹಾಕುವುದು ಮಾಸ್ಟರ್ ಪ್ಲಾನಿನಲ್ಲೇ ಆಗಬೇಕು.

ಪ್ರಶ್ನೆ: ಕೆರೆ ಅಂಗಳದ ತುಂಬ ಬಳ್ಳಾರಿ ಜಾಲಿ. ಕಡಿದಷ್ಟೂ ಚಿಗುರುತ್ತದೆ. — ಓದುಗರು, ಸುರಪುರ

ಉತ್ತರ: ಕಡಿದರೆ ಚಿಗುರಿಯೇ ಚಿಗುರುತ್ತದೆ, ಅದರ ಮೊಗ್ಗು ಇರುವುದು ನೆಲದೊಳಗಿನ ಬುಡದಲ್ಲಿ. ಒಂದಡಿ ಆಳದ ತನಕ ಬುಡದ ಗಡ್ಡೆ ಸಮೇತ ಕೀಳಬೇಕು, ಕಾಯಿ ಹಣ್ಣಾಗಿ ಉದುರುವ ಮೊದಲು. ಕುರಿ, ಆಡು ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಕೆರೆ ಜಾಗದ್ದಾದ್ದರಿಂದ ಸಂಬಂಧಿಸಿದ ಇಲಾಖೆ ಅಥವಾ ಪಂಚಾಯಿತಿಯ ಲಿಖಿತ ಒಪ್ಪಿಗೆ ಬೇಕು. ಎಲ್ಲವನ್ನೂ ಒಂದೇ ಸಲ ಕೀಳಬೇಡಿ. ನಿಮ್ಮ ಬೋನಾಳ ಕೆರೆಯಂಥ ಕಡೆ ಹಕ್ಕಿಗಳಿಗೆ ಕೂರಲು, ಗೂಡಿಗೆ ನೀರಂಚಿನ ಮರ ಬೇಕು. ಈ ವರ್ಷ ಮೂರನೇ ಒಂದು ಪಾಲು ಕಿತ್ತು ಅಲ್ಲಿ ಕರಿಜಾಲಿ ಬೀಜ ಊರಿ, ಅದು ಎದೆಮಟ್ಟ ಬಂದ ಮೇಲೆ ಮುಂದಿನ ಪಾಲಿಗೆ ಹೋಗಿ. ಗೂಡಿನಲ್ಲಿ ಮೊಟ್ಟೆ, ಮರಿ ಇರುವ ಮರ ಯಾವುದಾದರೂ ಇರಲಿ, ಮರಿ ಹಾರುವ ತನಕ ಮುಟ್ಟಬೇಡಿ. ಕಿತ್ತ ಕಡೆ ಎರಡು ಮಳೆ ಬಿದ್ದ ಮೇಲೆ ಮತ್ತೊಂದು ಸುತ್ತು ಹಾಕಿ; ಹುಟ್ಟಿದ ಎಳೆ ಜಾಲಿ ಆಗ ಹಸಿ ನೆಲದಿಂದ ಬೇರು ಸಮೇತ ಕೈಗೆ ಬರುತ್ತದೆ.